ಮಲೇರಿಯಾ ಪರಾವಲಂಬಿಯ ಆರು ಸಾವಿರ ಅಕ್ಷರಗಳು

ಮೈಟೋಕಾಂಡ್ರಿಯಾ ಅಂದ ಕೂಡಲೇ ಪಿಯುಸಿ ಬಯಾಲಜಿ ಓದಿದವರು "ಜೀವಕೋಶದ ಪವರ್‌ಹೌಸ್" ಅಂತ ಹೇಳಿ ಮುಗಿಸುತ್ತಾರೆ. ಆದರೆ ಈ ಪವರ್‌ಹೌಸಿಗೆ ತನ್ನದೇ ಆದ ಡಿಎನ್‌ಎ ಇದೆ, ಅದು ಎಲ್ಲ ಜೀವಿಗಳಲ್ಲೂ ಒಂದೇ ಥರ ಇಲ್ಲ. ತುಂಬಾ ವ್ಯತ್ಯಾಸ ಕಾಣುವುದು ಏಕಕೋಶ ಜೀವಿಗಳಲ್ಲಿ. ಅಂಥ ಮೂರು ಜೀವಿಗಳು ನಮ್ಮ ದಕ್ಷಿಣ ಕನ್ನಡದವರಿಗೆ ಪರಿಚಯದವೇ: ಶೇಂದಿಯ ಯೀಸ್ಟ್, ಮಲೇರಿಯಾ ಪರಾವಲಂಬಿ, ಆಮಶಂಕೆ ತರುವ ಅಮೀಬಾ.

ಈ ಡಿಎನ್‌ಎ ಎಲ್ಲಿಂದ ಬಂತು?

ನೂರಾರು ಕೋಟಿ ವರ್ಷಗಳ ಹಿಂದೆ ಒಂದು ಬ್ಯಾಕ್ಟೀರಿಯಾ ಇನ್ನೊಂದು ಕೋಶದೊಳಗೆ ಸೇರಿ ಅಲ್ಲೇ ಉಳಿಯಿತು, ಅದೇ ಮೈಟೋಕಾಂಡ್ರಿಯಾ ಆಯಿತು. ಲಿನ್ ಮಾರ್ಗುಲಿಸ್ 1967ರಲ್ಲಿ ಈ ವಾದವನ್ನು ಹೊಸದಾಗಿ ಮುಂದಿಟ್ಟರು. ಕಾಲ ಹೋದಂತೆ ಆ ಬ್ಯಾಕ್ಟೀರಿಯಾದ ಹೆಚ್ಚಿನ ಜೀನ್‌ಗಳು ಕೋಶಕೇಂದ್ರಕ್ಕೆ ವರ್ಗವಾದವು, ಕೆಲವು ಕಳೆದೇ ಹೋದವು. ಉಳಿದದ್ದು ಎಷ್ಟು ಎಂಬುದರಲ್ಲೇ ವೈವಿಧ್ಯ ಇರುವುದು.

ಮನುಷ್ಯರಲ್ಲಿ ಉಳಿದದ್ದು 16,569 ಅಕ್ಷರ, 37 ಜೀನ್. ಇದರಲ್ಲಿ 13 ಮಾತ್ರ ಪ್ರೋಟೀನ್‌ಗಾಗಿ. ಸಿಹಿನೀರಿನಲ್ಲಿ ಬದುಕುವ ರೆಕ್ಲಿನೊಮೊನಾಸ್ ಎಂಬ ಏಕಕೋಶ ಜೀವಿಯಲ್ಲಿ 69,034 ಅಕ್ಷರ, 97 ಜೀನ್ ಇರುವುದು 1997ರಲ್ಲಿ ಗೊತ್ತಾಯಿತು. ಹಳೆಯ ಬ್ಯಾಕ್ಟೀರಿಯಾದ ಗುರುತು ಅದರಲ್ಲಿ ಇನ್ನೂ ಚೆನ್ನಾಗಿ ಕಾಣುತ್ತದೆ.

ಶೇಂದಿಯ ಯೀಸ್ಟ್: ಫೈಲ್ ದೊಡ್ಡದು, ಕೋಡ್ ಚಿಕ್ಕದು

ಶೇಂದಿ ಹಾಕಿ ಹಿಟ್ಟು ಉಬ್ಬಿಸಿ ಸಾನ್ನಾಂ ಮಾಡುವ ಪದ್ಧತಿ ನಮ್ಮ ಕರಾವಳಿಯಲ್ಲಿ ಇದೆ. ಹಿಟ್ಟು ಉಬ್ಬಿಸುವುದರಲ್ಲಿ ಸ್ಯಾಕರೊಮೈಸಿಸ್ ಸೆರೆವಿಸಿಯೆ ಎಂಬ ಯೀಸ್ಟಿನ ಪಾಲು ದೊಡ್ಡದು. ಇದರ ಮೈಟೋಕಾಂಡ್ರಿಯಾ ಡಿಎನ್‌ಎ ಸುಮಾರು 85 ಸಾವಿರ ಅಕ್ಷರ, ನಮ್ಮದಕ್ಕಿಂತ ಐದು ಪಟ್ಟು. ಆದರೆ ಮುಖ್ಯ ಪ್ರೋಟೀನ್ ಜೀನ್‌ಗಳು ಎಂಟೇ! ಉಳಿದದ್ದರಲ್ಲಿ ಬಹುಪಾಲು ಜೀನ್‌ಗಳ ನಡುವಿನ ಖಾಲಿ ಜಾಗ, ಮತ್ತೆ ಕತ್ತರಿಸಿ ತೆಗೆಯಬೇಕಾದ ತುಂಡುಗಳು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಪ್ರೋಗ್ರಾಂನಲ್ಲಿ ಕೋಡ್‌ಗಿಂತ ಕಾಮೆಂಟ್ ಲೈನ್‌ಗಳೇ ಜಾಸ್ತಿ.

ಇನ್ನೂ ಸ್ವಾರಸ್ಯ ಏನೆಂದರೆ, ಈ ಡಿಎನ್‌ಎ ಪೂರ್ತಿ ಹೋದರೂ ಯೀಸ್ಟ್ ಸಾಯುವುದಿಲ್ಲ. ಸಕ್ಕರೆ ಸಿಕ್ಕರೆ ಹುದುಗುವಿಕೆಯಿಂದಲೇ ಬದುಕುತ್ತದೆ, ಬೆಳವಣಿಗೆ ಮಾತ್ರ ನಿಧಾನ. ಬೋರಿಸ್ ಎಫ್ರುಸಿ 1940ರ ದಶಕದಲ್ಲಿ ಅಧ್ಯಯನ ಮಾಡಿದ ಇಂಥ ಯೀಸ್ಟಿಗೆ 'ಪೆಟೀಟ್' ಎಂದು ಹೆಸರು, ಫ್ರೆಂಚಿನಲ್ಲಿ ಪುಟ್ಟದು ಎಂದರ್ಥ.

ಮಲೇರಿಯಾ: ಮೂರೇ ಪ್ರೋಟೀನ್ ಜೀನ್

ಈಗ ಇನ್ನೊಂದು ತುದಿಗೆ ಬರೋಣ. 1990ರ ದಶಕದಿಂದ ಮಂಗಳೂರಿನಲ್ಲಿ ಮಲೇರಿಯಾ ದೊಡ್ಡ ತಲೆನೋವಾಗಿತ್ತು. ಕಟ್ಟಡ ಕಾಮಗಾರಿಗಳಲ್ಲಿ ನಿಂತ ನೀರು ಅನಾಫಿಲಿಸ್ ಸೊಳ್ಳೆಗೆ ಒಳ್ಳೆಯ ತಾಣ. ಇಲ್ಲಿ ಹೆಚ್ಚು ಕಾಣುವುದು ಪ್ಲಾಸ್ಮೋಡಿಯಂ ವೈವಾಕ್ಸ್, ಜೊತೆಗೆ ಫಾಲ್ಸಿಪಾರಂ.

ಪ್ಲಾಸ್ಮೋಡಿಯಂನ ಮೈಟೋಕಾಂಡ್ರಿಯಾ ಡಿಎನ್‌ಎ ಬರೀ 6 ಸಾವಿರ ಅಕ್ಷರ. ಗೊತ್ತಿರುವ ಅತಿ ಚಿಕ್ಕವುಗಳಲ್ಲಿ ಇದೂ ಒಂದು. 1980ರ ದಶಕದ ಕೊನೆಯಲ್ಲಿ ಫಿಲಡೆಲ್ಫಿಯಾದಲ್ಲಿ ಅಖಿಲ್ ವೈದ್ಯ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಪ್ರೋಟೀನ್ ಜೀನ್‌ಗಳು ಮೂರೇ. ರೈಬೋಸೋಮಿನ ಆರ್‌ಎನ್‌ಎ ಕೂಡ ಚೂರು ಚೂರಾಗಿ ಅಲ್ಲಲ್ಲಿ ಹಂಚಿಹೋಗಿದೆ.

ನಮ್ಮ ಕೆಂಪು ರಕ್ತಕಣದೊಳಗೆ ಪರಾವಲಂಬಿಗೆ ಗ್ಲೂಕೋಸ್ ಧಾರಾಳ ಸಿಗುತ್ತದೆ, ಶಕ್ತಿಗೆ ಅಷ್ಟೇ ಬಹುಮಟ್ಟಿಗೆ ಸಾಕು. ಹಾಗಾದರೆ ಈ ಮೂರು ಜೀನ್ ಇಟ್ಟುಕೊಂಡು ಏನು ಪ್ರಯೋಜನ? ಉತ್ತರಕ್ಕೆ ಯೀಸ್ಟೇ ಸಹಾಯ ಮಾಡಿತು. ಪರಾವಲಂಬಿ ತನ್ನ ಡಿಎನ್‌ಎ ಕಟ್ಟಲು ಬೇಕಾದ ಪಿರಿಮಿಡಿನ್ ಅನ್ನು ತಾನೇ ತಯಾರಿಸಬೇಕು. ಆ ತಯಾರಿಯ ಒಂದು ಹಂತದಲ್ಲಿ ಬಿಡುಗಡೆಯಾಗುವ ಎಲೆಕ್ಟ್ರಾನ್‌ಗಳನ್ನು ಸಾಗಿಸುವುದು ಮೈಟೋಕಾಂಡ್ರಿಯಾದ ಕೆಲಸ. ಯೀಸ್ಟಿನಲ್ಲಿ ಇದೇ ಹಂತದ ಕಿಣ್ವಕ್ಕೆ ಮೈಟೋಕಾಂಡ್ರಿಯಾದ ಹಂಗಿಲ್ಲ. ವೈದ್ಯರ ತಂಡ 2007ರಲ್ಲಿ ಯೀಸ್ಟಿನ ಆ ಜೀನನ್ನು ಪ್ಲಾಸ್ಮೋಡಿಯಂಗೆ ಹಾಕಿ ನೋಡಿತು. ಎಲೆಕ್ಟ್ರಾನ್ ಸಾಗಾಟವನ್ನು ಔಷಧದಿಂದ ನಿಲ್ಲಿಸಿದರೂ ಪರಾವಲಂಬಿ ಬೆಳೆಯಿತು! ಅಂದರೆ ರಕ್ತದಲ್ಲಿರುವಾಗ ಅದಕ್ಕೆ ಈ ವ್ಯವಸ್ಥೆ ಬೇಕಾಗಿದ್ದದ್ದು ಮುಖ್ಯವಾಗಿ ಪಿರಿಮಿಡಿನ್‌ಗೆ, ವಿದ್ಯುತ್ತಿಗಲ್ಲ.

ಔಷಧದ ಗುರಿ

ಆ ಔಷಧದ ಹೆಸರು ಅಟೊವಾಕ್ವೋನ್. ಮೂರು ಜೀನ್‌ಗಳಲ್ಲಿ ಒಂದಾದ ಸೈಟೋಕ್ರೋಮ್ ಬಿ ತಯಾರಿಸುವ ಪ್ರೋಟೀನಿಗೇ ಅದು ಹೋಗಿ ಅಂಟುತ್ತದೆ. ಆದರೆ ಜೀನಿನ ಒಂದೇ ಒಂದು ಅಕ್ಷರ ಬದಲಾದರೂ ಫಾಲ್ಸಿಪಾರಂ ಈ ಔಷಧಕ್ಕೆ ಬಗ್ಗದೆ ಇರಬಹುದು. ಅದಕ್ಕೇ ಇದನ್ನು ಪ್ರೊಗ್ವಾನಿಲ್ ಜೊತೆ ಸೇರಿಸಿ ಕೊಡುತ್ತಾರೆ. ಇಲ್ಲೊಂದು ಸಮಾಧಾನವೂ ಇದೆ. ಸೊಳ್ಳೆಯ ಹೊಟ್ಟೆಯಲ್ಲಿ ಪರಾವಲಂಬಿಗೆ ಮೈಟೋಕಾಂಡ್ರಿಯಾ ನಿಜವಾಗಿಯೂ ಪವರ್‌ಹೌಸಾಗಿ ಬೇಕು. 2016ರಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಹೀಗೆ ರೂಪಾಂತರಗೊಂಡ ಪರಾವಲಂಬಿಗಳು ಸೊಳ್ಳೆಯಲ್ಲಿ ಸರಿಯಾಗಿ ಬೆಳೆಯದೆ ಮುಂದಕ್ಕೆ ಹರಡಲು ಸೋತವು.

ಏನೂ ಇಲ್ಲದ ಅಮೀಬಾ

ಆಮಶಂಕೆಯ ಎಂಟಮೀಬಾ ಹಿಸ್ಟೊಲಿಟಿಕಾದಲ್ಲಿ ಮೈಟೋಸೋಮ್ ಎಂಬ ಪುಟ್ಟ ಅವಶೇಷ ಮಾತ್ರ ಇದೆ, ಅದರಲ್ಲಿ ಡಿಎನ್‌ಎ ಇಲ್ಲವೇ ಇಲ್ಲ. ಆಮ್ಲಜನಕ ಕಡಿಮೆ ಇರುವ ಕರುಳಿನಲ್ಲಿ ಬದುಕುವ ಈ ಜೀವಿಗೆ ಅಟೊವಾಕ್ವೋನ್‌ನ ಗುರಿಯೇ ಇಲ್ಲ. ಇದಕ್ಕೆ ಕೊಡುವ ಮೆಟ್ರೊನಿಡಜೋಲ್ ಕೆಲಸ ಮಾಡುವ ದಾರಿ ಬೇರೆ. ಆಮ್ಲಜನಕವಿಲ್ಲದೆ ಬದುಕುವ ಕೋಶಗಳೊಳಗೆ ಹೋದ ಮೇಲೆಯೇ ಅದು ಸಕ್ರಿಯವಾಗುವುದು.

85 ಸಾವಿರ, 6 ಸಾವಿರ, ಸೊನ್ನೆ. ಅಕ್ಷರ ಎಷ್ಟಿದೆ ಎಂದು ಎಣಿಸಿದರೆ ಜೀವಿಯ ಸಾಮರ್ಥ್ಯ ತಿಳಿಯುವುದಿಲ್ಲ. ಇಷ್ಟೆಲ್ಲ ಬಿಟ್ಟ ಮೇಲೂ ಯಾವ ಜೀನನ್ನು ಉಳಿಸಿಕೊಂಡಿದೆ, ಯಾಕೆ ಉಳಿಸಿಕೊಂಡಿದೆ ಎಂದು ಕೇಳಬೇಕು. ಮಲೇರಿಯಾಕ್ಕೆ ಔಷಧ ಹುಡುಕುವವರು ಕೇಳಿದ್ದೂ ಇದೇ ಪ್ರಶ್ನೆ. ಸದ್ಯಕ್ಕೆ ನಮ್ಮ ಕಡೆಯಿಂದ ಆಗುವ ಕೆಲಸ ಬೇರೆ ಇದೆ: ಹಾಸ್ಟೆಲ್, ಮನೆಗಳ ಸುತ್ತ ನೀರು ನಿಲ್ಲದಂತೆ ನೋಡಿಕೊಳ್ಳೋಣ, ಜ್ವರ ಬಂದರೆ ರಕ್ತ ಪರೀಕ್ಷೆ ಮಾಡಿಸೋಣ, ಮಾತ್ರೆ ಕೊಟ್ಟರೆ ಅರ್ಧಕ್ಕೆ ಬಿಡದೆ ಕೋರ್ಸ್ ಮುಗಿಸೋಣ.