ಕೊನೆಯವರೆಗೂ ಜಡ್ಜ್

ಪ್ರಶ್ನೆ: ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯದ ನ್ಯಾಯಾಧೀಶರಿಗೆ ನಿವೃತ್ತಿಯೇ ಇಲ್ಲವಂತೆ, ಹೌದೇ? ಅವರೆಲ್ಲ ಒಂದಲ್ಲ ಒಂದು ದಿನ ಸುಪ್ರೀಂ ಕೋರ್ಟಿಗೆ ಹೋಗುತ್ತಾರೆಯೇ?

ಉತ್ತರ: ನಿವೃತ್ತಿ ವಯಸ್ಸು ಇಲ್ಲದಿರುವುದು ನಿಜ. ನಮ್ಮ ಹೈಕೋರ್ಟ್ ನ್ಯಾಯಮೂರ್ತಿಗಳು 62ಕ್ಕೆ ಪೀಠದಿಂದ ಇಳಿಯಲೇಬೇಕು. ಅಲ್ಲಿ ಅಧ್ಯಕ್ಷರು ಹೆಸರಿಸಿ ಸೆನೆಟ್ ಒಪ್ಪಿತೆಂದರೆ, ನಡತೆ ನೆಟ್ಟಗಿರುವಷ್ಟು ಕಾಲ ಕುರ್ಚಿ ಅವರದೇ. ವಯಸ್ಸಾದವರು ‘ಸೀನಿಯರ್’ ಆಗಿ ಕೆಲಸ ಕಡಿಮೆ ಮಾಡಿಕೊಳ್ಳಬಹುದು. ಇನ್ನು ಬಡ್ತಿಯ ಮಾತು: ಮೇಲ್ಮನವಿ ಪೀಠಗಳಲ್ಲಿ 179 ಹುದ್ದೆ, ಸುಪ್ರೀಂ ಕೋರ್ಟಿನಲ್ಲಿ 9. ಲೆಕ್ಕ ನೀವೇ ಹಾಕಿ.

ಲರ್ನೆಡ್ ಹ್ಯಾಂಡ್ ಅವರನ್ನೇ ನೋಡಿ. (ಹೆಸರಿನ ‘ಲರ್ನೆಡ್’ ಬಿರುದಲ್ಲ, ತಾಯಿಯ ತವರುಮನೆತನದ್ದು.) 1909ರಲ್ಲಿ, 37ನೇ ವಯಸ್ಸಿಗೆ ನ್ಯೂಯಾರ್ಕಿನಲ್ಲಿ ಜಿಲ್ಲಾ ನ್ಯಾಯಾಧೀಶರಾದರು. 1917ರಲ್ಲಿ ಯುದ್ಧವಿರೋಧಿ ಪತ್ರಿಕೆಯೊಂದನ್ನು ಅಂಚೆಯಲ್ಲಿ ಸಾಗಿಸಲು ಸರ್ಕಾರ ಒಪ್ಪದಿದ್ದಾಗ ಪತ್ರಿಕೆಯ ಪರ ಆದೇಶ ಕೊಟ್ಟರು. ಮೇಲಿನ ಕೋರ್ಟು ಅದನ್ನು ತಳ್ಳಿಹಾಕಿತು. ಆ ಸಲ ಬಡ್ತಿಯೂ ಕೈತಪ್ಪಿತು. ಮೇಲ್ಮನವಿ ಪೀಠ ಸಿಕ್ಕಿದ್ದು 1924ರಲ್ಲಿ.

ಅಲ್ಲಿನ ಕೆಲಸದಲ್ಲಿ ಸಾಕ್ಷಿಗಳ ಗದ್ದಲವಿಲ್ಲ. ಸಾಮಾನ್ಯವಾಗಿ ಮೂವರು ಕೂತು, ಕೆಳಕೋರ್ಟಿನ ಕಡತ ಓದಿ, ವಕೀಲರ ವಾದ ಕೇಳಿ ತೀರ್ಪು ಬರೆಯುತ್ತಾರೆ. ಹ್ಯಾಂಡ್ ಅವರ 1947ರ ಒಂದು ತೀರ್ಪು ಹೀಗೆ: ನ್ಯೂಯಾರ್ಕ್ ಬಂದರಿನಲ್ಲಿ ಹಿಟ್ಟು ತುಂಬಿದ ‘ಅನ್ನಾ ಸಿ’ ಎಂಬ ಸರಕು ದೋಣಿ ಹಗ್ಗ ಕಳಚಿ ತೇಲಿಹೋಗಿ, ಹಡಗೊಂದಕ್ಕೆ ಬಡಿದು ಮುಳುಗಿತು. ಅದನ್ನು ಕಾಯಬೇಕಾದವನು 21 ಗಂಟೆಯಿಂದ ನಾಪತ್ತೆ! ತಪ್ಪು ಯಾರದು? ಅವಘಡದ ಸಂಭವವನ್ನು ಅದರಿಂದಾಗುವ ನಷ್ಟದಿಂದ ಗುಣಿಸಿ. ಮುನ್ನೆಚ್ಚರಿಕೆಯ ಖರ್ಚು ಅದಕ್ಕಿಂತ ಕಡಿಮೆಯಿದ್ದೂ ವಹಿಸದಿದ್ದರೆ ಅದು ನಿರ್ಲಕ್ಷ್ಯ ಎಂದರು ಹ್ಯಾಂಡ್. ಹಗಲಿನ ಕೆಲಸದ ಹೊತ್ತಿನಲ್ಲಿ ಆಳು ದೋಣಿಯಲ್ಲಿರಬೇಕಿತ್ತು, ಅಷ್ಟೇ. ಕಿರಾಣಿ ಅಂಗಡಿಯ ಲೆಕ್ಕದಂತಿರುವ ಈ ಸೂತ್ರವನ್ನು ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ಎಷ್ಟೋ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳಿಗೆ ಈ ಭಾಗ್ಯವಿಲ್ಲ.

ಸುಪ್ರೀಂ ಕೋರ್ಟಿಗೆ ಅವರು ಹೋಗಲೇ ಇಲ್ಲ. 1943ರಲ್ಲಿ ಖಾಲಿಯಿದ್ದ ಸ್ಥಾನಕ್ಕೆ ಅವರ ಹೆಸರು ಬಲವಾಗಿ ಕೇಳಿಬಂದರೂ, 70 ದಾಟಿದವರೆಂದು ಬಿಟ್ಟು ಅಧ್ಯಕ್ಷ ರೂಸ್‌ವೆಲ್ಟ್ ವೈಲಿ ರಟ್ಲೆಜ್ ಅವರನ್ನು ಆರಿಸಿದರು. ರಟ್ಲೆಜ್ 1949ರಲ್ಲಿ 55ನೇ ವಯಸ್ಸಿಗೆ ತೀರಿಕೊಂಡರು. ‘ಮುದುಕ’ ಹ್ಯಾಂಡ್ 1961ರವರೆಗೂ ಬದುಕಿ, 89ನೇ ವಯಸ್ಸಿನಲ್ಲೂ ನ್ಯಾಯಾಧೀಶರಾಗಿಯೇ ಇದ್ದರು.