ತುಕ್ಕು ತಿಂದ ವಾಹನದ ತಳಕ್ಕೆ ಯಾವ ತಗಡು?

ಸರಕು ಸಾಗಿಸುವ ಸಣ್ಣ ವಾಹನದ ತಳದಲ್ಲಿ ತೂತು ಕಾಣಿಸಿಕೊಂಡ ದಿನ ಮಾಲೀಕರು ಗ್ಯಾರೇಜಿನಲ್ಲಿ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಎಷ್ಟು ದಪ್ಪದ ಶೀಟು ಹಾಕಿಸಿದರೆ ಮತ್ತೆ ತೊಂದರೆ ಬಾರದು? ದಪ್ಪವೇ ಬಾಳಿಕೆ ಎಂಬ ಈ ಭಾವನೆಯಿಂದ ಎಷ್ಟೋ ವಾಹನಗಳಿಗೆ ಅನಗತ್ಯ ಭಾರ ಸೇರಿಕೊಂಡಿದೆ. ತುಕ್ಕು ಮಾತ್ರ ಹೊಸ ತಗಡಿನ ಅಂಚಿನಲ್ಲೇ ಮರಳಿ ಬಂದಿದೆ. ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ. ಹಳೆಯ ತಳವನ್ನು ತಿಂದದ್ದು ಯಾವ ನೀರು? ಹೊಸ ತಗಡು ಯಾವ ಲೋಹಕ್ಕೆ, ಯಾವ ವಿಧಾನದಿಂದ ಕೂಡಿಕೊಳ್ಳಲಿದೆ? ಇವೆರಡಕ್ಕೆ ಉತ್ತರ ದೊರೆತ ಬಳಿಕ ದಪ್ಪದ ಮಾತು.

ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಿಂದ ಮೀನು ಹೊತ್ತು ಘಟ್ಟ ಹತ್ತುವ ವಾಹನಗಳು ಇದಕ್ಕೆ ನಿದರ್ಶನ. ಮಂಜುಗಡ್ಡೆ ಕರಗಿದ ನೀರು ಮೀನಿನ ಉಪ್ಪಂಶವನ್ನು ಕೂಡಿಕೊಂಡು ತಳದ ಮೇಲೆ ನಿಲ್ಲುತ್ತದೆ, ಸಂದುಗಳಲ್ಲಿ ಇಳಿದು ಅಡಿಯ ಅಡ್ಡಪಟ್ಟಿಗಳ ಮೇಲೆ ಕೂರುತ್ತದೆ. ಅಲ್ಲಿ ಗಾಳಿಯಾಡದು, ಪೈಪಿನ ನೀರೂ ತಲುಪದು. ಆದುದರಿಂದ ಮೇಲ್ಮೈಯಲ್ಲಿ ಕಾಸಿನಗಲ ಕಾಣುವ ತೂತಿನ ಕೆಳಗೆ ಅಂಗೈಯಗಲ ಲೋಹ ಹೋಗಿರುತ್ತದೆ. ಇದು ಕರಾವಳಿಯವರ ಕಷ್ಟ ಮಾತ್ರವೆಂದು ಬಯಲುಸೀಮೆಯ ವ್ಯಾಪಾರಿಗಳು ತಿಳಿಯಬಾರದು. ರಸಗೊಬ್ಬರದ ಅಂಗಡಿಗಳಲ್ಲಿ ಪೊಟ್ಯಾಷ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಅಡುಗೆ ಉಪ್ಪಿನಂತೆಯೇ ಒಂದು ಕ್ಲೋರೈಡು. ಹರಿದ ಚೀಲದಿಂದ ಚೆಲ್ಲಿದ ಹಿಡಿ ಗೊಬ್ಬರ ತಳದ ಮೂಲೆಯಲ್ಲಿ ಒದ್ದೆಯಾದರೆ ಅದರ ಕೆಲಸ ಸಮುದ್ರದ ನೀರಿನದೇ. ಚಾಲಕನ ಕಾಲಡಿಯ ತಳದ ಕಥೆ ಬೇರೆ. ಅಲ್ಲಿ ಗಾಜಿನ ರಬ್ಬರಿನಿಂದ ಸೋರಿದ ಮಳೆನೀರು ಮ್ಯಾಟಿನಡಿ ಉಳಿದು ತುಕ್ಕಿಗೆ ಕಾರಣವಾಗುತ್ತದೆ. ಆ ರಬ್ಬರನ್ನು ಬದಲಿಸದೆ ತಳ ಬದಲಿಸುವುದು ವ್ಯರ್ಥ ಖರ್ಚು.

ಹಾನಿಯ ಅಳತೆ

ತಗಡನ್ನು ಕೊಳ್ಳುವ ಮುನ್ನ ತಳವನ್ನು ಸುತ್ತಿಗೆಯಿಂದ ಹಗುರವಾಗಿ ತಟ್ಟಿ ನೋಡಬೇಕು. ಗಟ್ಟಿ ಲೋಹ ಠಣ್ಣೆನ್ನುತ್ತದೆ, ಸತ್ತ ಲೋಹದ ಸದ್ದು ಮಂದ. ಸ್ಕ್ರೂಡ್ರೈವರಿನ ತುದಿಯಿಂದ ಒತ್ತಿದಾಗ ಒಳಸರಿಯುವ ಭಾಗವನ್ನೆಲ್ಲ ಕತ್ತರಿಸಿ ತೆಗೆಯುವುದೇ ಸರಿ. ಹೊಳೆಯುವ ಲೋಹ ಸಿಗುವವರೆಗೆ ಕತ್ತರಿಸದೆ, ತುಕ್ಕಿನ ಮೇಲೆಯೇ ಹೊಸ ತಗಡನ್ನು ಹೊದಿಸಿ ಅಲ್ಲಲ್ಲಿ ಬೆಸುಗೆ ಹಾಕುವ ಪದ್ಧತಿ ಬಹಳ ಕಡೆ ಇದೆ. ಅಗ್ಗವಾಗಿ ಕಾಣುವ ಈ ಕೆಲಸ ಎರಡು ತಗಡುಗಳ ನಡುವೆ ನೀರಿಗೆ ಹೊಸ ಮನೆಯನ್ನೇ ಕಟ್ಟಿಕೊಡುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಸಂದು ಉಬ್ಬಿ ಬೆಸುಗೆಯೇ ಬಿರಿಯುತ್ತದೆ.

ಚಾಸಿ ಬೇರೆ, ಬಾಡಿ ಬೇರೆ ಇರುವ ವಾಹನದಲ್ಲಿ ಸರಕಿನ ತಳ ಹೊರೆಯನ್ನಷ್ಟೇ ಹೊರುತ್ತದೆ. 2019ರಲ್ಲಿ ತಯಾರಿಕೆ ನಿಂತರೂ ಸಣ್ಣ ವ್ಯಾಪಾರಿಗಳ ಬಳಿ ಇನ್ನೂ ಓಡುತ್ತಿರುವ ಓಮ್ನಿಯಂತಹ ವ್ಯಾನುಗಳಲ್ಲಿ ಹಾಗಲ್ಲ. ಅಲ್ಲಿ ತಳವೇ ವಾಹನದ ಬೆನ್ನೆಲುಬು. ಆಸನ ಮತ್ತು ಸೀಟ್ ಬೆಲ್ಟಿನ ಬೋಲ್ಟುಗಳು ಕೂರುವ ಜಾಗದಲ್ಲಿ ಫೈಬರ್, ರಿವೆಟ್, ಪುಟ್ಟಿಗಳಿಗೆ ಅವಕಾಶವಿಲ್ಲ. ಉಕ್ಕಿಗೆ ಉಕ್ಕನ್ನೇ ಪೂರ್ಣ ಬೆಸುಗೆಯಿಂದ ಕೂಡಿಸಬೇಕು. ಚಾಲಕನ ಪ್ರಾಣದ ವಿಷಯವಾದುದರಿಂದ ಇಲ್ಲಿ ಚೌಕಾಶಿ ಸಲ್ಲದು.

ಲೋಹದ ಆಯ್ಕೆ

ಸಾಮಾನ್ಯ ಬಳಕೆಗೆ ಸಿ.ಆರ್. ಶೀಟು ಉತ್ತಮ. ಅದರ ಮೈ ನಯವಾದುದು, ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಮಡಿಸುವುದೂ ಸುಲಭ. ಹಳೆಯ ತಳದ ದಪ್ಪವನ್ನು ಗಟ್ಟಿ ಭಾಗದಲ್ಲಿ ಅಳೆದು ಅಷ್ಟೇ ದಪ್ಪದ, ಹೆಚ್ಚೆಂದರೆ ಒಂದು ಗೇಜು ಹೆಚ್ಚಿನ ಶೀಟನ್ನು ಆರಿಸಬೇಕು. 20 ಗೇಜೆಂದರೆ ಸುಮಾರು 0.9 ಮಿ.ಮೀ., 18 ಗೇಜೆಂದರೆ 1.2, 16 ಗೇಜೆಂದರೆ 1.6. ಗೇಜಿನ ಲೆಕ್ಕದಲ್ಲಿ ಗೊಂದಲ ಸಹಜವಾದುದರಿಂದ ಮಿ.ಮೀ.ನಲ್ಲೇ ಕೇಳಿ, ಸ್ಕ್ರೂ ಗೇಜಿನಿಂದ ಅಳೆಸಿ ಕೊಳ್ಳುವುದು ಲೇಸು. ತೆಳು ತಗಡಿಗೆ ದಪ್ಪ ಪ್ಲೇಟನ್ನು ಬೆಸೆದರೆ ಬೆಸುಗೆಯ ಕಾವಿಗೆ ತೆಳುವಾದುದು ಸುಟ್ಟು ತೂತಾಗುತ್ತದೆ. ತೂತಾಗದಿದ್ದರೂ ಓಡಾಟದ ಅದುರಿಗೆ ಅದೇ ಗೆರೆಯಲ್ಲಿ ಬಿರುಕು ಬಿಡುತ್ತದೆ. ತೇಪೆಯ ಮೂಲೆಗಳನ್ನು ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿದರೆ ಬಿರುಕಿನ ಭಯ ಕಡಿಮೆ.

ಭಾರದ ಲೆಕ್ಕವನ್ನು ವ್ಯಾಪಾರಿಗಳು ಸ್ವತಃ ಮಾಡಬಹುದು. ಒಂದು ಚದರ ಮೀಟರ್ ಉಕ್ಕು ಪ್ರತಿ ಮಿ.ಮೀ. ದಪ್ಪಕ್ಕೆ 7.85 ಕಿಲೋ ತೂಗುತ್ತದೆ. ಏಳು ಅಡಿ ಉದ್ದ, ಐದು ಅಡಿ ಅಗಲದ ತಳಕ್ಕೆ 1.2 ಮಿ.ಮೀ. ಶೀಟು ಹಾಕಿದರೆ ಸುಮಾರು 30 ಕಿಲೋ, 3 ಮಿ.ಮೀ. ಚೆಕರ್ಡ್ ಪ್ಲೇಟು ಹಾಕಿದರೆ 80 ಕಿಲೋ ಮುಟ್ಟುತ್ತದೆ. ಈ 50 ಕಿಲೋ ವ್ಯತ್ಯಾಸವನ್ನು ವಾಹನ ಪ್ರತಿ ಟ್ರಿಪ್ಪಿನಲ್ಲೂ ಹೊರಬೇಕು. ಒಟ್ಟು ಭಾರದ ಮಿತಿ ಆರ್.ಸಿ.ಯಲ್ಲಿ ನಿಗದಿಯಾಗಿರುವುದರಿಂದ ಅಷ್ಟು ಸರಕು ಕಡಿಮೆಯಾಗಲೇಬೇಕು. ಮುಕ್ಕಾಲು ಟನ್ ಹೊರುವ ವಾಹನಕ್ಕೆ ಇದು ಹದಿನೈದನೆಯ ಒಂದು ಪಾಲು. ಕಬ್ಬಿಣದ ಸಾಮಾನು, ಕಲ್ಲು, ಸಿಲಿಂಡರು ಎಳೆದಾಡುವವರಿಗೆ ಚೆಕರ್ಡ್ ಪ್ಲೇಟು ನಿಜಕ್ಕೂ ಬೇಕು. ತರಕಾರಿ, ದಿನಸಿ ಸಾಗಿಸುವವರಿಗೆ ಅದು ಶೋಕಿ.

ಜಿ.ಐ. ಶೀಟಿನ ಬಾಳಿಕೆ ಅದರ ಸತುವಿನ ಲೇಪದಲ್ಲಿದೆ. ಚದರ ಮೀಟರಿಗೆ ಎರಡೂ ಬದಿ ಸೇರಿ 275 ಗ್ರಾಂ ಲೇಪವಿದ್ದರೆ ಒಂದೊಂದು ಬದಿಗೆ ಸುಮಾರು 20 ಮೈಕ್ರಾನ್. 120 ಗ್ರಾಂ ಶೀಟಿನಲ್ಲಿ ಅದರ ಅರ್ಧಕ್ಕಿಂತಲೂ ಕಡಿಮೆ. ಆದರೆ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವುದರಿಂದ ಬೆಸುಗೆಯ ಗೆರೆಯುದ್ದಕ್ಕೂ ಲೇಪ ಹೊಗೆಯಾಗಿ ಹಾರಿಹೋಗುತ್ತದೆ. ಆ ಹೊಗೆ ಕುಡಿದ ಕೆಲಸಗಾರ ರಾತ್ರಿ ಚಳಿಜ್ವರದಿಂದ ನರಳುವುದುಂಟು. ಅಂಚಿನ ಸತುವನ್ನು ಮೊದಲೇ ಉಜ್ಜಿ ತೆಗೆದು, ಗಾಳಿಯಾಡುವಲ್ಲಿ ಬೆಸೆದು, ಬಳಿಕ ಸತುಭರಿತ ಪ್ರೈಮರ್ ಬಳಿದರೆ ಮಾತ್ರ ಕೊಟ್ಟ ಹೆಚ್ಚಿನ ಬೆಲೆ ಸಾರ್ಥಕ.

ಮೀನಿನ ವಾಹನಗಳವರು ಸ್ಟೇನ್‌ಲೆಸ್ ಸ್ಟೀಲಿನತ್ತ ಒಲಿಯುವುದು ಸಹಜ. ಅಯಸ್ಕಾಂತ ಅಂಟದಿದ್ದರೆ ಒಳ್ಳೆಯ ಮಾಲು ಎಂಬ ನಂಬಿಕೆಯನ್ನು ಇಲ್ಲಿ ಬಿಡಬೇಕು. ಅಗ್ಗದ 202 ದರ್ಜೆಗೂ ಅದು ಸಾಮಾನ್ಯವಾಗಿ ಅಂಟದು. ಉಪ್ಪುನೀರಿಗೆ 304 ದರ್ಜೆ ವಾಸಿ, 316 ಇನ್ನೂ ವಾಸಿ, ಬೆಲೆಯೂ ಹಾಗೆಯೇ ಏರುತ್ತದೆ. ದರ್ಜೆಯನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು. ಇದಕ್ಕಿಂತ ಮುಖ್ಯವಾದ ಅಪಾಯ ಬೇರೊಂದಿದೆ: ಸ್ಟೇನ್‌ಲೆಸ್ ಮತ್ತು ಸಾಮಾನ್ಯ ಉಕ್ಕು ಉಪ್ಪುನೀರಿನಲ್ಲಿ ಒಂದನ್ನೊಂದು ತಾಗಿದರೆ ಸಾಮಾನ್ಯ ಉಕ್ಕು ಮೊದಲಿಗಿಂತ ಬೇಗ ಕರಗುತ್ತದೆ. ಮೇಲೆ ಹೊಳೆಯುವ ತಳ ಹಾಗೆಯೇ ಉಳಿದು ಕೆಳಗಿನ ಅಡ್ಡಪಟ್ಟಿಗಳು ಬೋಲ್ಟಿನ ತೂತುಗಳಿಂದ ಕೊಳೆಯುವುದು ಹೀಗೆ. ಅಲ್ಯೂಮಿನಿಯಂ ತಳದಲ್ಲಿ ಇದೇ ಆಟ ತಿರುವುಮುರುವಾಗಿ ನಡೆದು, ಉಕ್ಕನ್ನು ತಾಗಿದ ಕಡೆ ಅಲ್ಯೂಮಿನಿಯಮ್ಮೇ ಬಿಳಿ ಪುಡಿಯಾಗುತ್ತದೆ. ಹಗುರ ತಳ ಬಯಸುವವರಿಗೆ ಮೆಗ್ನೀಸಿಯಂ ಬೆರೆತ 5052 ದರ್ಜೆ ಯೋಗ್ಯವಾದುದಾದರೂ, ಎರಡು ಲೋಹಗಳ ನಡುವೆ ರಬ್ಬರ್ ಪಟ್ಟಿ ಹಾಗೂ ಪ್ರತಿ ಬೋಲ್ಟಿನ ಸುತ್ತ ಸೀಲೆಂಟ್ ಇರಲೇಬೇಕು.

ಪ್ಲೈವುಡ್ ಹಾಸುವವರು ಮೆರೈನ್ ದರ್ಜೆಯನ್ನೇ ಕೊಳ್ಳಬೇಕು. ಒದ್ದೆ ಹಲಗೆ ಅಡಿಯ ಉಕ್ಕಿಗೆ ತೇವವನ್ನು ಒತ್ತಿಹಿಡಿಯುತ್ತದೆಂಬುದನ್ನೂ ನೆನಪಿಡಬೇಕು. ಫೈಬರ್ ಗ್ಲಾಸ್ ಗಟ್ಟಿ ತಳದ ಮೇಲೆ ಒಳ್ಳೆಯ ಹೊದಿಕೆ, ತುಕ್ಕಿನ ಮೇಲೆ ಬರಿಯ ಮುಚ್ಚಳ.

ಬಣ್ಣ ಮತ್ತು ಕಾಲ

ಬೆಸುಗೆಗೆ ಮುನ್ನ ಬ್ಯಾಟರಿಯ ಸಂಪರ್ಕ ತೆಗೆದು, ಇಂಧನದ ಟ್ಯಾಂಕು ಸಮೀಪವಿದ್ದರೆ ಅದನ್ನು ಇಳಿಸಿಡಬೇಕು. ಬೆಸೆದ ದಿನವೇ ಪ್ರೈಮರ್, ಸಂದುಗಳಿಗೆ ಸೀಲೆಂಟ್, ಆಮೇಲೆ ಬಣ್ಣ ಎಂಬ ಕ್ರಮ ತಪ್ಪಬಾರದು. ಟಾರಿನಂತಹ ಅಡಿಲೇಪವನ್ನು ಕೊನೆಗೆ ಹಚ್ಚಬಹುದು. ತುಕ್ಕಿನ ಮೇಲೆ ಹಚ್ಚಿದ ಟಾರು ನೀರನ್ನು ಒಳಗೇ ಬಂಧಿಸುತ್ತದೆ. ನೀರಿಳಿಯುವ ತೂತುಗಳನ್ನು ಯಾವ ಲೇಪವೂ ಮುಚ್ಚದಂತೆ ನೋಡಿಕೊಳ್ಳಬೇಕು.

ಕರ್ನಾಟಕದ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿರುವುದರಿಂದ ಮಾಲೀಕರು ವಾಹನದ ಕೆಲಸವನ್ನೆಲ್ಲ ಆ ಬಿಡುವಿಗೆ ಕಾದಿರಿಸುತ್ತಾರೆ. ವ್ಯಾಪಾರದ ದೃಷ್ಟಿಯಿಂದ ಇದು ಸರಿಯೇ. ಆದರೆ ಆ ಮಳೆಯ ತೇವದಲ್ಲಿ ಉಜ್ಜಿದ ಉಕ್ಕು ಕೆಲವೇ ಗಂಟೆಗಳಲ್ಲಿ ಕೆಂಪಗಾಗಿ, ಬಣ್ಣ ಅದರ ಮೇಲೆಯೇ ಕೂರುತ್ತದೆ. ತಳದ ಕೆಲಸವನ್ನಾದರೂ ಏಪ್ರಿಲ್ ಇಲ್ಲವೆ ಮೇ ತಿಂಗಳ ಒಣ ದಿನಗಳಲ್ಲಿ, ನಾಲ್ಕೈದು ದಿನಗಳ ಬಾಡಿಗೆ ಬಿಟ್ಟಾದರೂ ಮುಗಿಸಿ, ಎಂಜಿನ್ನು, ಬ್ರೇಕಿನಂತಹ ಕೆಲಸಗಳನ್ನು ನಿಷೇಧದ ದಿನಗಳಿಗೆ ಉಳಿಸಿಕೊಳ್ಳಬಹುದು.