ಎಕ್ಸ್‌ಫೋಲಿಯೇಷನ್ ಎಂದರೇನು?

ಪ್ರೌಢಶಾಲೆಯವರೆಗೆ ಕನ್ನಡದಲ್ಲಿ ಓದಿ ಕಾಲೇಜಿಗೆ ಬಂದ ವಿದ್ಯಾರ್ಥಿಗಳು ‘ಎಕ್ಸ್‌ಫೋಲಿಯೇಷನ್’ನಂಥ ಇಂಗ್ಲಿಷ್ ಪದ ಎದುರಾದಾಗ, ವಿಷಯವೇ ತಮ್ಮ ಶಕ್ತಿಗೆ ಮೀರಿದ್ದೆಂದು ಅಂಜುವುದುಂಟು. ಕೆಲವರು ಅದನ್ನು ‘ಡಿಫೋಲಿಯೇಷನ್’ನೊಡನೆ ಬೆರೆಸಿ, ಮರದ ಎಲೆ ಉದುರುವುದೆಂದು ಬರೆಯುತ್ತಾರೆ. ರಾಮನಗರ, ಮಾಗಡಿಗಳ ಕಡೆಯವರಿಗಂತೂ ಈ ಅಂಜಿಕೆ ಸಲ್ಲದು. ಪದದ ಅರ್ಥ ಅವರ ಕಣ್ಣೆದುರಿಗೇ ಬೆಟ್ಟವಾಗಿ ನಿಂತಿದೆ.

ಲ್ಯಾಟಿನ್ ಭಾಷೆಯಲ್ಲಿ ‘ಫೋಲಿಯಂ’ ಎಂದರೆ ಎಲೆ. ‘ಎಕ್ಸ್’ ಎಂದರೆ ಹೊರಕ್ಕೆ. ಎಲೆಯ ಹೆಸರೇ ಕಾಲಕ್ರಮದಲ್ಲಿ ಪುಸ್ತಕದ ಪುಟಕ್ಕೂ ಬಂದು ‘ಫೋಲಿಯೋ’ ಆಯಿತು. ನಮ್ಮಲ್ಲಿಯೂ ಹೀಗೆಯೇ ಅಲ್ಲವೆ? ಅಡಕೆಮರದಿಂದ ಬೀಳುವುದೂ ಹಾಳೆ, ಪುಸ್ತಕದಲ್ಲಿರುವುದೂ ಹಾಳೆ. ತಾಳೆಯ ಗರಿಯೂ ಓಲೆ, ಬಂಧುಗಳಿಗೆ ಬರೆದ ಪತ್ರವೂ ಓಲೆ. ಆದುದರಿಂದ ಎಕ್ಸ್‌ಫೋಲಿಯೇಷನ್ ಎಂದರೆ ಹಾಳೆಹಾಳೆಯಾಗಿ ಕಳಚಿಕೊಳ್ಳುವುದು. ಸೌಂದರ್ಯಸಾಧನಗಳ ಜಾಹೀರಾತುಗಳಲ್ಲಿ ಚರ್ಮಕ್ಕೆ ಅನ್ವಯಿಸುವ ಪದವೂ ಇದೇ. ಭೂವಿಜ್ಞಾನಿಗಳು ಬಂಡೆಗೆ ಅನ್ವಯಿಸುತ್ತಾರೆ.

ರಾಮನಗರದ ಬೆಟ್ಟಗಳೂ ಮಾಗಡಿಯ ಸಾವನದುರ್ಗವೂ ಕ್ಲೋಸ್‌ಪೇಟ್ ಗ್ರಾನೈಟ್ ಎಂಬ ಶಿಲೆಯಿಂದಾದವು. ರಾಮನಗರದ ಹಿಂದಿನ ಹೆಸರಾದ ಕ್ಲೋಸ್‌ಪೇಟೆಯೇ ಶಿಲೆಗೂ ಅಂಟಿಕೊಂಡಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ಈ ಶಿಲೆ ನೆಲದಡಿಯಲ್ಲಿ, ಹಲವು ಕಿಲೋಮೀಟರ್ ಆಳದಲ್ಲಿ, ಅಪಾರವಾದ ಒತ್ತಡದಲ್ಲಿ ಘನೀಭವಿಸಿತು. ಮೇಲಿದ್ದ ಶಿಲೆಗಳು ಸವೆದುಹೋದಂತೆ ಹೊರೆ ಇಳಿಯಿತು. ಹೊರೆ ಇಳಿದ ಬಂಡೆ ಮೇಲ್ಮುಖವಾಗಿ ಹಿಗ್ಗಿ, ಮೈಗೆ ಸಮಾಂತರವಾಗಿ ಬಿರಿಯಿತು. ಈರುಳ್ಳಿಯ ಪೊರೆಗಳಂತೆ ಕಾಣುವ ಕಲ್ಲಿನ ಪದರಗಳು ಹುಟ್ಟುವುದು ಹೀಗೆ. ಬಿಸಿಲಿನಿಂದಲೇ ಇದಾಗುತ್ತದೆಂದು ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಬಿಸಿಲಿನ ಪಾತ್ರವಿಲ್ಲವೆಂದಲ್ಲ. ಆದರೆ ಕಲ್ಲು ಉಷ್ಣವನ್ನು ಚೆನ್ನಾಗಿ ಸಾಗಿಸುವ ವಸ್ತುವಲ್ಲ. ಹಗಲಿನ ಕಾವು ಒಂದು ಮೀಟರಿನಷ್ಟು ಕೂಡ ಒಳಗಿಳಿಯದು. ಅದಕ್ಕಿಂತ ಆಳದಲ್ಲಿರುವ ದಪ್ಪ ಪದರಗಳಿಗೆ ಬಿಸಿಲನ್ನೊಂದೇ ಕಾರಣವಾಗಿ ಹೇಳಲಾಗದು.

ಕಾವಿನ ಈ ಗುಣವನ್ನು ನಮ್ಮ ಕಲ್ಲುಕೆಲಸದವರು ಚೆನ್ನಾಗಿ ಬಲ್ಲವರಾಗಿದ್ದರು. ಬೆಂಗಳೂರಿನ ಬಳಿ ಅವರು ಬಂಡೆಯ ಮೇಲೆ ಸೌದೆಯ ಬೆಂಕಿಯನ್ನು ಸಾಲಾಗಿ ಹಾಕಿ, ಅದನ್ನು ಮೆಲ್ಲಮೆಲ್ಲನೆ ಮುಂದೆ ಸರಿಸುತ್ತ, ಕೆಲವೇ ಅಂಗುಲ ದಪ್ಪದ ವಿಶಾಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದುದನ್ನು 1895ರಲ್ಲಿ ‘ನೇಚರ್’ ಪತ್ರಿಕೆ ವರ್ಣಿಸಿತು. ಕಾದ ಮೇಲ್ಪದರ ಹಿಗ್ಗಲೆಳಸುತ್ತದೆ. ಕೆಳಗಿನ ತಣ್ಣನೆಯ ಕಲ್ಲು ಹಿಗ್ಗದು. ಈ ಎಳೆದಾಟದಲ್ಲಿ ಎರಡೂ ಬೇರ್ಪಡುತ್ತವೆ. ಪ್ರಕೃತಿ ನಿಧಾನವಾಗಿ ಬಿಡಿಸುವ ಹಾಳೆಯನ್ನು ಆ ಕುಶಲಿಗಳು ಬೆಂಕಿಯಿಂದ ಬೇಗನೆ ಬಿಡಿಸುತ್ತಿದ್ದರು; ಇಂಗ್ಲಿಷ್ ಪದವಿಲ್ಲದೆಯೇ.

ವಾಚಕರು ಈ ಬೆಟ್ಟಗಳಿಗೆ ಹೋದಾಗ, ಕಡಿದಾದ ಅಂಚಿನಿಂದ ದೂರವಿದ್ದು, ಸಮತಟ್ಟಾದ ಬಂಡೆಯನ್ನು ಸಣ್ಣ ಕಲ್ಲಿನಿಂದ ಅಲ್ಲಲ್ಲಿ ತಟ್ಟಿ ನೋಡಬಹುದು. ಒಂದೆಡೆ ಗಟ್ಟಿಯಾದ ನಾದ, ಇನ್ನೊಂದೆಡೆ ಟೊಳ್ಳು ದನಿ. ಟೊಳ್ಳು ದನಿ ಬಂದಲ್ಲಿ ಪದರ ಆಗಲೇ ಅಡಿಯಿಂದ ಬಿಟ್ಟುಕೊಂಡಿದೆ.